ತಿರುವಿನಲ್ಲಿ ನಿಂತವನು

ರಜೆಯ ದಿನ ಬೆಳಿಗ್ಗೆ ಆ ಕ್ಷೌರದಂಗಡಿಯ ಶಟರ್ ಅರ್ಧ ಮಾತ್ರ ಏಳುತ್ತಿತ್ತು. ಬಗ್ಗಿ ಒಳಗೆ ನುಗ್ಗಿದರೆ ತಿರುಗುವ ಕುರ್ಚಿಗಳ ಮೇಲೆ ಬೈಕಿನ ಹುಚ್ಚು ಹತ್ತಿದವರು ಕೂತಿರುತ್ತಿದ್ದರು. ಒಂದರಲ್ಲಿ ಹಲ್ಲಿನ ಡಾಕ್ಟರಮ್ಮ, ಇನ್ನೊಂದರಲ್ಲಿ ಬೇಕರಿಯವನು. ಗಿರಾಕಿಗಳು ಕಾಯುವ ಬೆಂಚಿನ ಮೇಲೆ ಕಿಡಿ. ಆ ಹೆಸರು ಅವನಿಗೆ ವೆಲ್ಡಿಂಗ್ ಕೆಲಸದಿಂದ ಬಂತೋ ಕೋಪದಿಂದ ಬಂತೋ ಹೇಳುವುದು ಕಷ್ಟ. ಅಂಗಡಿ ಅವನ ಅಕ್ಕನ ಗಂಡನದು. ಭಾವ ಕನ್ನಡಿಗೆ ಬೆನ್ನು ಕೊಟ್ಟು, ಬರಿಬೆರಳುಗಳನ್ನೇ ಕತ್ತರಿಯಂತೆ ಆಡಿಸುತ್ತಾ ಮಾತಾಡುತ್ತಿದ್ದರು.

"ಟೂ ಸ್ಟ್ರೋಕ್ ಬಂಡಿಯ ಹೊಗೆ ಮೂಗಿಗೆ ಬಿದ್ರೆ ಸಾಕು, ನನಗೆ ಹೊಸದಾಗಿ ಮದುವೆ ಆದಷ್ಟು ಖುಷಿ" ಎಂದ ಬೇಕರಿಯವನು.

"ನಿಮ್ಮ ಹಿಂದೆ ಬರೋರಿಗೆ ಕೆಮ್ಮು" ಎಂದರು ಡಾಕ್ಟರಮ್ಮ. ಅವರದು ಎರಡು ಸಿಲಿಂಡರಿನ ಭಾರೀ ಬಂಡಿ. "ನನ್ನ ಕಥೆ ಕೇಳಿ. ಒಂದ್ಸಲ ಸಮುದ್ರದ ದಂಡೆ ಹಿಡಿದು ಬೆಳಗಿಂದ ಸಂಜೆವರೆಗೂ ಓಡಿಸಿದೆ. ಲಾಡ್ಜಿಗೆ ಬಂದ್ರೆ ಕೈ ಜೋಮು ಹಿಡಿದು ಪೇಸ್ಟಿನ ಮುಚ್ಚಳ ತೆಗೆಯೋಕೇ ಬರಲಿಲ್ಲ. ಊರಿಗೆಲ್ಲಾ ಬೈದು ಹಲ್ಲುಜ್ಜಿಸೋಳು ಹಾಗೇ ಮಲಗಿಬಿಟ್ಟೆ."

ನಕ್ಕು ಮುಗಿದ ಮೇಲೆ ಭಾವನ ಸರದಿ. ಅವರು ಶುರು ಮಾಡಿದ್ದು ಬೆಟ್ಟದ ಮೇಲಿನ ಆಲಿಕಲ್ಲಿನ ಕಥೆ. ಹೆಂಡತಿಯನ್ನು ಹಿಂದೆ ಕೂರಿಸಿಕೊಂಡು ಹೋಗುತ್ತಿದ್ದಾಗ ಆಕಾಶ ಕಪ್ಪಾಗಿದ್ದು, ಇಬ್ಬರೂ ಮೋರಿಯ ಕೆಳಗೆ ತೂರಿಕೊಂಡಿದ್ದು, ಟ್ಯಾಂಕಿನ ಮೇಲೆ ಕಲ್ಲು ಬಿದ್ದು ತಮಟೆ ಬಾರಿಸಿದ ಹಾಗೆ ಕೇಳಿಸಿದ್ದು.

"ಒಂದೊಂದು ಕಲ್ಲೂ ನಿಂಬೆಹಣ್ಣಿನ ಗಾತ್ರ!"

"ಹೋದ ವರ್ಷ ನೆಲ್ಲಿಕಾಯಿ ಇತ್ತು" ಎಂದ ಬೇಕರಿಯವನು.

"ಗೊಬ್ಬರ ಚೆನ್ನಾಗಿ ಬಿದ್ದಿದೆ ಬಿಡಪ್ಪ" ಎಂದರು ಭಾವ.

ಎಲ್ಲರೂ ನಕ್ಕರು, ಕಿಡಿಯ ಹೊರತು. ಎರಡು ವರ್ಷದ ಹಿಂದೆ ಭಾವ ಬಂಡಿಯಿಂದ ಬಿದ್ದು ಭುಜದ ಮೂಳೆ ಮುರಿದುಕೊಂಡಿದ್ದರು. ಮೂಳೆ ಯಾವತ್ತೋ ಕೂಡಿತ್ತು. ಆದರೆ ಅವರ ಹಳೆಯ ಬಂಡಿ, ದಪ್ಪ ಸೈಲೆನ್ಸರಿನ ಒಂಟಿ ಸಿಲಿಂಡರಿನದು, ಅಂದಿನಿಂದ ಕಿಡಿಯ ಶೆಡ್ಡಿನಲ್ಲಿ ಬಟ್ಟೆ ಹೊದ್ದು ಮಲಗಿತ್ತು. ಅವನು ಅದರ ಮುಂಚಕ್ರದ ಡೊಂಕಾದ ಫೋರ್ಕ್ ನೆಟ್ಟಗೆ ಮಾಡಿದ, ಎಣ್ಣೆ ಬದಲಿಸಿದ, ವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಸುಮ್ಮನೆ ಎದುರಿಗೆ ಕೂತ. ಬಂಡಿಯ ಯಜಮಾನರು ಮಾತ್ರ ಇಲ್ಲಿ ಕಥೆ ಹೇಳುತ್ತಿದ್ದರು. ಕೇಳುವವರು ಚಪ್ಪಾಳೆ ತಟ್ಟುತ್ತಿದ್ದರು. ನಾಟಕ ಕಂಪನಿಯೋ ಇದು, ಬೈಕಿನವರ ಗುಂಪೋ?

"ಭಾವ," ಎಂದ ಕಿಡಿ, "ಕಥೆಗೆ ಪೆಟ್ರೋಲ್ ಬೇಡ ನೋಡಿ. ಅದಕ್ಕೇ ಓಡ್ತಿದೆ."

ಭಾವ ಗಾಳಿಯಲ್ಲಿ ಆಡಿಸುತ್ತಿದ್ದ ಬೆರಳುಗಳನ್ನು ಮಡಿಚಿಕೊಂಡರು.

"ನಿಮ್ಮಕ್ಕ ಬಿಡಬೇಕಲ್ಲೋ ಬಾಮೈದ. ಅವಳು ಎಷ್ಟು ಪುಕ್ಕಲು ಅಂತ ನಿನಗೇ ಗೊತ್ತು."

ಕಿಡಿ ಅಲ್ಲಿಂದ ಎದ್ದವನೇ ನೇರ ಅಕ್ಕನ ಮನೆಗೆ ಹೋದ. ಅಕ್ಕ ಕಿಟಕಿಯ ಬೆಳಕಿಗೆ ಹೊಲಿಗೆ ಯಂತ್ರ ಎಳೆದುಕೊಂಡು ಶಾಲಾ ಹುಡುಗರ ಅಂಗಿಗಳಿಗೆ ಕಾಲರ್ ಕೂರಿಸುತ್ತಿದ್ದಳು. ಅವನು ಜಗಳಕ್ಕೇ ಸಿದ್ಧನಾಗಿ ಬಂದಿದ್ದ, ಬಾಗಿಲಲ್ಲೇ ಶುರು ಮಾಡಿದ. ಅಕ್ಕ ಪೆಡಲ್ ನಿಲ್ಲಿಸಿ, ಬಾಯಲ್ಲಿದ್ದ ಗುಂಡುಪಿನ್ ತೆಗೆದಳು.

"ನಾನು ಯಾವಾಗ ಬೇಡ ಅಂದೆ?"

"ಮತ್ತೆ ಭಾವ ಹೇಳಿದ್ದು..."

"ಎರಡು ವರ್ಷದಿಂದ ಅವರು ನನ್ನ ಸೆರಗಿನ ಹಿಂದೆ ಬಚ್ಚಿಟ್ಕೊಂಡಿದ್ದಾರೆ. ಬಚ್ಚಿಟ್ಕೊಳ್ಳಲಿ ಅಂತ ನಾನೂ ಸುಮ್ಮನಿದ್ದೆ. ನಾನು ಕೆಟ್ಟವಳಾದ್ರೆ ಅವರ ಮಾನ ಉಳಿಯುತ್ತಲ್ಲ."

ಅಲ್ಲಿಯವರೆಗೆ ಭಾವ ಹೆದರಿರಬಹುದು ಎಂಬ ಯೋಚನೆಯೇ ಕಿಡಿಯ ತಲೆಗೆ ಹೊಳೆದಿರಲಿಲ್ಲ.

"ಕರ್ಕೊಂಡು ಹೋಗು ತಮ್ಮ," ಎಂದಳು ಅಕ್ಕ. "ಈ ಸಲ ಹತ್ತದೇ ಇದ್ರೆ ಇನ್ನು ಯಾವತ್ತೂ ಹತ್ತಲ್ಲ ಅವರು. ಆದ್ರೆ ಒಂದು ಮಾತು. ಮಗು ಥರ ಕಾಯಬೇಡ."

"ನನ್ನ ಬಂಡಿ ಕನ್ನಡಿಯಲ್ಲೇ ಇರ್ತಾರೆ ಅಕ್ಕ. ಅಷ್ಟೇ."

ಮುಂದಿನ ರಜೆಗೆ ಗುಡ್ಡದಾಚೆಯ ಕೆರೆಯವರೆಗೆ ಹೋಗುವುದೆಂದು ಗೊತ್ತಾಯಿತು. ಬೆಳಿಗ್ಗೆ ಶೆಡ್ಡಿಗೆ ಬಂದ ಭಾವ ಬಟ್ಟೆ ಸರಿಸಿ ಬಂಡಿಯನ್ನು ಸುತ್ತು ಹಾಕಿದರು. ಹ್ಯಾಂಡಲ್ ಮುಟ್ಟಿದರು, ಕೈ ತೆಗೆದರು. ಹೆಲ್ಮೆಟ್ಟಿನ ಪಟ್ಟಿ ಬಿಗಿ ಮಾಡಿ, ಸಡಿಲ ಮಾಡಿ, ಮತ್ತೆ ಬಿಗಿ ಮಾಡಿದರು. ಕೊನೆಗೆ ಹತ್ತಿ ಕೂತು, "ನಾನು ಎಲ್ಲರಿಗಿಂತ ಹಿಂದೆ ಬರ್ತೀನಿ" ಎಂದರು. "ಹಿಂದಿನಿಂದ ಯಾರಾದ್ರೂ ನೋಡ್ತಿದ್ರೆ ನನಗೆ ಕೈ ನಿಲ್ಲಲ್ಲ."

ಆ ಗುಂಪಿಗೆ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಮಾಡಿದವರು ಭಾವನೇ. ರಸ್ತೆ ಕವಲೊಡೆದಲ್ಲಿ ಪ್ರತಿಯೊಬ್ಬನೂ ತನ್ನ ಹಿಂದಿನವನು ಕಾಣುವ ತನಕ ನಿಲ್ಲಬೇಕು. ಹಿಂದಿನವನು ಬರಲಿಲ್ಲವೆಂದು ಜಾಗ ಬಿಟ್ಟು ಹುಡುಕಲು ಹೊರಡಬಾರದು. ನಿಂತೇ ಇರಬೇಕು. ನಿಂತವನು ಬರಲಿಲ್ಲವಲ್ಲ ಎಂದು ಮುಂದಿನವನು ತಾನಾಗಿ ತಿರುಗಿ ಬರುತ್ತಾನೆ. ಆಮೇಲೆ ಒಬ್ಬ ಕವಲಿನಲ್ಲಿ ನಿಂತು ಇನ್ನೊಬ್ಬ ಹುಡುಕಲು ಹೋಗಬಹುದು.

ಡಾಕ್ಟರಮ್ಮ ಮುಂದೆ, ಅವರ ಹಿಂದೆ ಹೊಗೆ ಬಿಡುತ್ತಾ ಬೇಕರಿಯವನು, ಆಮೇಲೆ ಕಿಡಿ. ಅವನ ಬಂಡಿ ಗುಜರಿಯಿಂದ ಹುಟ್ಟಿದ್ದು. ಒಂದರ ಚಾಸಿ, ಇನ್ನೊಂದರ ಎಂಜಿನ್, ಮೂರನೆಯದರ ಟ್ಯಾಂಕು, ಎಲ್ಲಕ್ಕೂ ಅವನದೇ ಬೆಸುಗೆ. ಕನ್ನಡಿಯಲ್ಲಿ ಭಾವ ಅಂಗೈಯಷ್ಟಾಗಿ, ಆಮೇಲೆ ಹೆಬ್ಬೆರಳಷ್ಟಾಗಿ ಕಾಣುತ್ತಿದ್ದರು. ಇಟ್ಟಿಗೆ ಗೂಡುಗಳು ಹಿಂದೆ ಸರಿದವು. ಕಲ್ಲು ಕ್ವಾರಿ ಹಿಂದಾಯಿತು. ರಸ್ತೆ ನುಣ್ಣಗಿತ್ತು, ಬಿಸಿಲಿಗೆ ಇನ್ನೂ ಕಾವು ಬಂದಿರಲಿಲ್ಲ. ಕಿಡಿಗೆ ಯಾರ ಮೇಲೂ ಕೋಪ ಬರದ ಜಾಗ ಲೋಕದಲ್ಲಿ ಇದೊಂದೇ. ಗಾಳಿಯ ಜೊತೆ ಜಗಳ ಆಡಲು ಆಗುವುದಿಲ್ಲವಲ್ಲ.

ಗುಡ್ಡದ ಬುಡದಲ್ಲಿ ರಸ್ತೆ ಎರಡಾಯಿತು. ಅಲ್ಲಿ ಕಾಯುತ್ತಿದ್ದ ಬೇಕರಿಯವನು ಕಿಡಿಯನ್ನು ನೋಡಿ ಕೈಯೆತ್ತಿ ಎಡಕ್ಕೆ ಹೊರಟ. ಕಿಡಿ ಹುಣಸೆಮರದ ಕೆಳಗೆ ಬಂಡಿ ನಿಲ್ಲಿಸಿ ಕನ್ನಡಿ ನೋಡಿದ. ಖಾಲಿ ರಸ್ತೆ.

ಕಾದ. ಕೈಗವಸು ತೆಗೆದ, ಹಾಕಿಕೊಂಡ. ಕಲ್ಲುಗಳನ್ನು ಒದ್ದ. ಕಾಯುವುದೆಂದರೆ ಅವನಿಗೆ ಮೈಮೇಲೆ ಇರುವೆ ಬಿಟ್ಟ ಹಾಗೆ. ಸುಮ್ಮನೆ ಕೂರಲಾಗದೆ ಶಾಲೆಯನ್ನೇ ಬಿಟ್ಟವನು ಅವನು.

ತರಕಾರಿ ಬುಟ್ಟಿ ಹೊತ್ತ ಟೆಂಪೊ ಒಂದು ಬಂತು. ಕಿಡಿ ಅಡ್ಡ ನಿಂತು ಕೈ ತೋರಿಸಿದ.

"ಅಣ್ಣಾ, ಹಿಂದೆ ಹಳೇ ಬೈಕಿನವರು ಯಾರಾದ್ರೂ ಕಂಡ್ರಾ?"

"ಕಂಡ್ರಪ್ಪ. ಕ್ವಾರಿ ಹತ್ರ ಜಲ್ಲಿ ಮೇಲೆ ಬೈಕ್ ಮಲಗಿತ್ತು. ಪಕ್ಕದಲ್ಲಿ ಆಸಾಮಿ ಕೂತಿದ್ರು. ಎತ್ತಿಕೊಡ್ಲಾ ಅಂದೆ. ಬೇಡ, ನೀನು ಹೋಗು ಅಂತ ಗದರಿಬಿಟ್ರು."

ನಿಯಮ ಹಾಳಾಗಿ ಹೋಗಲಿ ಎಂದು ಕಿಡಿ ಬಂಡಿಯನ್ನು ಬಂದ ದಿಕ್ಕಿಗೆ ತಿರುಗಿಸಿದ. ಕಿಕ್ಕರಿನ ಮೇಲೆ ಕಾಲಿಟ್ಟಾಗ ಜೇಬಿನಲ್ಲಿ ಫೋನು ಅಲುಗಿತು. ಅಕ್ಕ.

"ಎಲ್ಲಿದ್ದೀರೋ? ಕನ್ನಡಿಯಲ್ಲಿ ಇದ್ದಾರಾ?"

ಸುಳ್ಳು ಹೇಳಲು ಬಾಯಿ ತೆರೆದ. ಬರಲಿಲ್ಲ. "ಇಲ್ಲ ಅಕ್ಕ. ಜಲ್ಲಿ ಮೇಲೆ ಬಿದ್ದಿದ್ದಾರಂತೆ. ಎದ್ದು ಕೂತಿದ್ದಾರೆ, ಎತ್ತೋಕೆ ಬಂದವನಿಗೆ ಗದರಿದ್ದಾರೆ. ನಾನು ಕವಲಲ್ಲಿದ್ದೀನಿ. ಹೊರಟೆ."

ಹೊಲಿಗೆ ಯಂತ್ರದ ಸದ್ದು ಆ ಕಡೆ ನಿಂತುಹೋಯಿತು.

"ಗದರಿದ್ರಾ?"

"ಹೂಂ."

"ಹಾಗಾದ್ರೆ ಹೋಗಬೇಡ."

"ಏನಕ್ಕಾ ನೀನು! ತಲೆ ನೆಟ್ಟಗಿದ್ಯಾ ನಿಂಗೆ?"

"ಅವತ್ತು ಬಿದ್ದಾಗ ನಾಲ್ಕು ಜನ ಸೇರಿ ಚೀಲ ಎತ್ತಿದ ಹಾಗೆ ಎತ್ತಿ ಗಾಡಿಗೆ ಹಾಕಿದ್ರು. ಬಿದ್ದಿದ್ದು ಅವರಿಗೆ ಮರೆತೇಹೋಗಿದೆ. ಎತ್ತಿದ್ದು ಮರೆತಿಲ್ಲ, ನಿದ್ದೆಯಲ್ಲೂ ಬಡಬಡಿಸ್ತಾರೆ." ಕತ್ತರಿ ಕೆಳಗಿಟ್ಟ ಸದ್ದಾಯಿತು. "ಗದರೋಷ್ಟು ಉಸಿರಿದೆ ಅಂದ್ರೆ ಏಳ್ತಾರೆ. ಬೇಕರಿಯವರು ತಿರುಗಿ ಬರೋವರೆಗೆ ನೋಡು. ನೀನು ಅಲ್ಲೇ ನಿಲ್ಲು. ಫೋನ್ ಇಡಬೇಡ."

ಅವನು ನಿಂತ. ಸ್ವಲ್ಪ ಹೊತ್ತಾದ ಮೇಲೆ ಆ ಕಡೆ ಯಂತ್ರ ಮತ್ತೆ ಹೊರಟಿತು, ಒಂದೆರಡು ಹೊಲಿಗೆ, ನಿಂತಿತು, ಮತ್ತೆ ಒಂದೆರಡು ಹೊಲಿಗೆ. ಯಾವ ಹುಡುಗನ ಕಾಲರ್ ಸೊಟ್ಟಗಾಯಿತೋ. ಹುಣಸೆಮರದಿಂದ ಒಣ ಎಲೆಗಳು ಟ್ಯಾಂಕಿನ ಮೇಲೆ ಬಿದ್ದವು. ಕಿಡಿ ಒಂದೊಂದನ್ನೇ ಊದಿದ. ಕಾಲು ಓಡು ಎನ್ನುತ್ತಿತ್ತು, ಅವನು ಕಾಲಿಗೇ ಬೈಯುತ್ತಾ ನಿಂತಿದ್ದ.

ಮೊದಲು ಅದು ಕ್ವಾರಿಯ ಯಂತ್ರದ ಸದ್ದು ಎನಿಸಿತು. ಆಮೇಲೆ ನಿಧಾನಕ್ಕೆ, ದುಗ್ ದುಗ್ ಎಂದು, ಒಂದಕ್ಕೂ ಇನ್ನೊಂದಕ್ಕೂ ನಡುವೆ ಉಸಿರಾಡುವಷ್ಟು ಜಾಗ ಬಿಟ್ಟು ಭಾವನ ಬಂಡಿಯ ಸದ್ದು ಬಂತು. ಅವನು ಫೋನನ್ನು ರಸ್ತೆಯ ಕಡೆಗೆ ಚಾಚಿ ಹಿಡಿದ.

"ಕೇಳಿಸ್ತಾ ಅಕ್ಕ?"

"ನಾನು ಫೋನ್ ಮಾಡಿದ್ದೆ ಅಂತ ಬಾಯಿ ಬಿಡಬೇಡ" ಎಂದು ಅಕ್ಕ ಇಟ್ಟುಬಿಟ್ಟಳು. ಇಡುವ ಮೊದಲು ಮೂಗು ಸೀಟಿದ ಸದ್ದು ಕೇಳಿಸಿತು.

ಭಾವನ ಮೊಣಕೈ ತರಚಿತ್ತು, ಪ್ಯಾಂಟಿಗೆ ಜಲ್ಲಿಯ ಪುಡಿ ಮೆತ್ತಿತ್ತು, ಕ್ಲಚ್ ಲಿವರ್ ಒಳಕ್ಕೆ ಡೊಂಕಾಗಿತ್ತು. ಮುಖವೆಲ್ಲ ಬೆವರು. ಅವರು ಬಂಡಿ ನಿಲ್ಲಿಸಿ ಹೆಲ್ಮೆಟ್ ತೆಗೆದರು.

"ಎಷ್ಟು ಹೊತ್ತಾಯ್ತೋ ಬಂದು?"

"ಈಗ ತಾನೇ" ಎಂದ ಕಿಡಿ. "ಮೂತ್ರಕ್ಕೆ ಹೋಗಿದ್ದೆ."

ಭಾವ ಇಳಿದು ಬಂದು ಅವನ ಎಂಜಿನ್ನಿನ ಮೇಲೆ ಅಂಗೈ ಇಟ್ಟರು. ಅಲ್ಲೇ ಸ್ವಲ್ಪ ಹೊತ್ತು ಇಟ್ಟುಕೊಂಡರು.

"ತಣ್ಣಗಾಗಿದೆಯಲ್ಲೋ."

"ಗುಜರಿ ಬಂಡಿ ಅಲ್ವಾ ಭಾವ. ಬೇಗ ತಣ್ಣಗಾಗುತ್ತೆ."

ಭಾವ ಅವನ ಮುಖ ನೋಡಿದರು. ಆಮೇಲೆ ಹುಣಸೆಮರದ ಬೇರಿನ ಮೇಲೆ ಕೂತು ಅವನ ಬಾಟಲಿಯ ನೀರನ್ನು ಗಟಗಟ ಕುಡಿದರು.

"ಜಲ್ಲಿ ಮೇಲೆ ಕಾಲು ಜಾರ್ತು. ನಿಂತ ಬಂಡಿಯಿಂದ ಬಿದ್ದೆ ಕಣೋ. ನಾಯಿ ಅಡ್ಡ ಬಂತು ಅನ್ನೋಕೂ ಒಂದು ನಾಯಿ ಇರಲಿಲ್ಲ. ಎರಡು ಸಲ ಎತ್ತಿದೆ, ಎರಡು ಸಲ ಜಾರ್ತು. ಕೂತು ಅತ್ತುಬಿಟ್ಟೆ. ಆಮೇಲೆ ಸೀಟಿಗೆ ಬೆನ್ನು ಕೊಟ್ಟು ಕಾಲಲ್ಲೇ ತಳ್ಳಿಕೊಂಡು ಎತ್ತಿದೆ. ಎದ್ದು ಬಂತು ಮುಂಡೇದು."

ಭಾವ ಮೊಣಕೈಯ ಮಣ್ಣು ಒರೆಸಿಕೊಂಡು ಅಂಗಿಯ ತೋಳು ಕೆಳಗೆ ಇಳಿಸಿದರು.

ಎಡಗಡೆಯ ರಸ್ತೆಯಲ್ಲಿ ನೀಲಿ ಹೊಗೆ ಕಂಡಿತು, ಅದರ ಹಿಂದೆಯೇ ಬೇಕರಿಯವನು.

"ಏನ್ರಪ್ಪಾ! ಡಾಕ್ಟರಮ್ಮ ಮೇಲೆ ಕಾದು ಕಾದು ಬೆಂದುಹೋದ್ರು. ಏನಾಯ್ತು?"

ಭಾವ ತಲೆ ಎತ್ತಿದರು.

"ಬಾಮೈದನ ಬಂಡಿ. ಸ್ಟಾರ್ಟೇ ಆಗ್ತಿಲ್ಲ."

ಕಿಡಿಯ ಕಿವಿ ಕೆಂಪಾದವು. ಆ ಬಂಡಿ ಕಟ್ಟಿದಂದಿನಿಂದ ಒಂದೇ ಕಿಕ್ಕಿಗೆ ಹೊರಡುತ್ತಿತ್ತು. ಅದನ್ನು ಕೀಳಾಗಿ ಮಾತಾಡಿದವರ ಕೊರಳಪಟ್ಟಿ ಹಿಡಿದವನು ಅವನು. ಭಾವ ಅವನ ಕಡೆ ನೋಡಲಿಲ್ಲ, ಬಾಟಲಿಯ ಮುಚ್ಚಳವನ್ನು ತಿರುಗಿಸಿದ್ದೇ ತಿರುಗಿಸಿದ್ದು.

"ಹೌದು" ಎಂದ ಕಿಡಿ.

"ನಾನು ಹೇಳಿರಲಿಲ್ವಾ?" ಬೇಕರಿಯವನಿಗೆ ಹಬ್ಬವೇ ಆಯಿತು. "ಮೂರು ಬಂಡಿಯ ಹೆಣ ಸೇರಿಸಿ ಒಂದು ಮಾಡಿದ್ರೆ ಇನ್ನೇನಾಗುತ್ತೆ! ಎಲ್ಲಿ, ಹೊಡಿ ನೋಡೋಣ."

ಕಿಡಿ ಬಂಡಿ ಹತ್ತಿದ. ಮೊಣಕಾಲಿನ ಮರೆಯಲ್ಲಿ ಕೀಲಿಯನ್ನು ಮೆಲ್ಲಗೆ ಆಫ್ ಮಾಡಿ ಕಿಕ್ಕರ್ ಒದ್ದ. ಬಂಡಿ ಕೆಮ್ಮಲೂ ಇಲ್ಲ. ಮತ್ತೆ ಒದ್ದ. ಬೇಕರಿಯವನು ಪ್ಲಗ್ ಅಂದ, ಕಾರ್ಬೊರೇಟರ್ ಅಂದ, ಕಿಡಿಯ ಬೆಸುಗೆಯನ್ನೇ ಅಂದ. ಕಿಡಿ ಎಲ್ಲಕ್ಕೂ ಹೂಂಗುಟ್ಟುತ್ತಾ, ಬೆವರು ಹರಿಸುತ್ತಾ ಒದ್ದೇ ಒದ್ದ. ಮರದ ಬುಡದಲ್ಲಿ ಕೂತಿದ್ದ ಭಾವನಿಗೆ ಮೊದಲು ಭುಜ ಕುಲುಕಿತು, ಆಮೇಲೆ ಹೊಟ್ಟೆ. ಕೊನೆಗೆ ಅವರು ತಡೆಯಲಾಗದೆ ಜೋರಾಗಿ ನಕ್ಕುಬಿಟ್ಟರು.