ವಾಸನೆ ಬಾರದವಳು

ಪೂರ್ವಿಯ ಮೈಮೇಲೆ ಪಿತ್ತದ ಗಂಧೆ ಏಳಲು ಶುರುವಾಗಿ ಎರಡು ತಿಂಗಳ ಮೇಲಾಗಿತ್ತು. ವಡೋದರಾದ ಮಕರಪುರದ ಒಂದು ಕಂಪನಿಯಲ್ಲಿ ಅವಳಿಗೆ ಕೆಲಸ, ಪಿ.ಜಿ.ಯಲ್ಲಿ ವಾಸ. ಬೆಳಿಗ್ಗೆ ತೊಡೆಯ ಮೇಲೆ ಎದ್ದದ್ದು ಮಧ್ಯಾಹ್ನಕ್ಕೆ ಮಾಯವಾಗಿ ಸಂಜೆ ಬೆನ್ನ ಮೇಲೆ ಹೊಸದು ಏಳುತ್ತಿತ್ತು. ಗೆಳತಿಯರ ಮಾತು ಕೇಳಿ ಬದನೆಕಾಯಿ ಬಿಟ್ಟಳು, ಮೊಸರು ಬಿಟ್ಟಳು, ಕಡೆಗೆ ಶೇಂಗಾವನ್ನೂ ಬಿಟ್ಟಳು. ಗಂಧೆ ಮಾತ್ರ ಅವಳನ್ನು ಬಿಡಲಿಲ್ಲ.

ಸೂರತ್ ಕಡೆಯ ಹಜೀರಾದಿಂದ ಕಿಶೋರ್ ಎಂಬ ಹುಡುಗನ ಮನೆಯವರು ಅವಳನ್ನು ನೋಡಲು ಬರುವವರಿದ್ದರು. ಅಷ್ಟರೊಳಗೆ ಮಗಳ ಮೈ ನೆಟ್ಟಗಾಗಬೇಕೆಂದು ಅಪ್ಪ ಭೀಮಸೇನ ಅವಳನ್ನು ವಡೋದರಾದಿಂದ ಕರೆಸಿಕೊಂಡು, ರೈಲ್ವೆ ಆಫೀಸಿಗೆ ರಜೆ ಹಾಕಿ, ಮಣಿನಗರದ ಮನೆಯ ಹತ್ತಿರವೇ ಇದ್ದ ಡಾಕ್ಟರ್ ಸಂಜನಾ ಅವರ ಕ್ಲಿನಿಕ್ಕಿಗೆ ಕರೆದುಕೊಂಡು ಹೋದ. ಹೆಂಡತಿ ಸುಲೋಚನಾ ಜೊತೆಗೆ ಹೋದಳು. ದಾರಿಯುದ್ದಕ್ಕೂ ಸೀನುತ್ತಲೇ ಹೋದಳು. ಅದನ್ನು ಯಾರೂ ಗಮನಿಸಲಿಲ್ಲ. ಆ ಮನೆಯಲ್ಲಿ ಅವಳ ಸೀನು ಗೋಡೆ ಗಡಿಯಾರದ ಸದ್ದಿನಂತೆ ಎಲ್ಲರಿಗೂ ರೂಢಿಯಾಗಿತ್ತು.

ಡಾಕ್ಟರ್ ಹಿಂದಿಯಲ್ಲಿ ಮಾತಾಡುವ ಗುಜರಾತಿ ಹೆಣ್ಣುಮಗಳು. ತುಟಿ, ನಾಲಿಗೆ ಊದುತ್ತದೆಯೇ, ಉಸಿರು ಕಟ್ಟುತ್ತದೆಯೇ, ನೋವಿನ ಮಾತ್ರೆ ನುಂಗುವ ಅಭ್ಯಾಸವಿದೆಯೇ ಎಂದೆಲ್ಲ ಕೇಳಿದಳು. ಪೂರ್ವಿಯ ಮುಂಗೈಯ ಗಂಧೆಯೊಂದರ ಸುತ್ತ ಪೆನ್ನಿನಿಂದ ಗೆರೆ ಎಳೆದಳು.

"ನಾಳೆಗೂ ಇದು ಇದೇ ಜಾಗದಲ್ಲಿದ್ದರೆ ಬಂದು ತೋರಿಸು. ಇರುವುದಿಲ್ಲ ಅನ್ನಿಸುತ್ತದೆ. ಊಟದಿಂದ ಬಂದದ್ದಲ್ಲ ಇದು, ಎಲ್ಲವನ್ನೂ ತಿನ್ನು. ನಿದ್ದೆ ಬರಿಸದ ಮಾತ್ರೆ ಬರೆಯುತ್ತೇನೆ, ಗಂಧೆ ಎದ್ದಾಗ ಮಾತ್ರವಲ್ಲ, ದಿನಾ ತಗೋಬೇಕು. ಸಾಲದಿದ್ದರೆ ನಾನೇ ಡೋಸು ಹೆಚ್ಚಿಸುತ್ತೇನೆ."

"ಇಂಜೆಕ್ಷನ್ ಕೊಟ್ಟು ಒಮ್ಮೆಲೇ ನಿಲ್ಲಿಸಲಿಕ್ಕೆ ಬರೂದಿಲ್ಲೇನ್ರಿ?" ಎಂದು ಭೀಮಸೇನ ತನ್ನ ಹಿಂದಿಯಲ್ಲೇ ಕೇಳಿದ. "ಹುಡುಗನ ಕಡೆಯವರು ನೋಡಲಿಕ್ಕೆ ಬರೋರಿದ್ದಾರ. ಅಲರ್ಜಿಯ ದೊಡ್ಡ ಟೆಸ್ಟ್ ಅಂತ ಇರತದಲ್ಲ, ಅದನ್ನ ಮಾಡಿಸೋಣ."

"ಸ್ಟೀರಾಯ್ಡ್ ಕೊಟ್ಟರೆ ನಾಲ್ಕು ದಿನ ನಿಲ್ಲುತ್ತದೆ, ಆಮೇಲೆ ಮತ್ತೆ ಏಳುತ್ತದೆ. ಆ ಟೆಸ್ಟ್ ಮಾಡಿಸಿದರೆ ಸುಮ್ಮನೆ ಇನ್ನೂ ಹತ್ತು ಪದಾರ್ಥ ಬಿಡಿಸುತ್ತೀರಿ. ವರ್ಷ ಹಿಡಿಯಬಹುದು, ಆದರೆ ಹೋಗುತ್ತದೆ. ಹುಡುಗನ ಕಡೆಯವರಿಗೆ ಹೇಳಿಬಿಡಿ, ಇದು ಅಂಟುವ ರೋಗವಲ್ಲ."

ಇಷ್ಟು ಹೇಳಿ ಡಾಕ್ಟರ್ ಸುಲೋಚನಾಳ ಕಡೆ ತಿರುಗಿದಳು. ಕಣ್ಣ ಕೆಳಗಿನ ಕಪ್ಪು, ಅರೆ ತೆರೆದ ಬಾಯಿ, ಅಂಗೈಯಿಂದ ಮೂಗನ್ನು ಮೇಲಕ್ಕೆ ಉಜ್ಜಿ ಉಜ್ಜಿ ಮೂಡಿದ್ದ ಅಡ್ಡಗೆರೆ ಎಲ್ಲವನ್ನೂ ಅವಳು ಆಗಲೇ ನೋಡಿಕೊಂಡಿದ್ದಳು. "ನಿಮಗೆ ಎಷ್ಟು ದಿನದಿಂದ?"

"ಅಕಿದು ಬಿಡ್ರಿ, ಅದು ಹಳೇದು" ಎಂದ ಭೀಮಸೇನ.

"ಅವರೇ ಹೇಳಲಿ."

"ಈ ಊರಿಗೆ ಬಂದಾಗಿಂದ" ಎಂದಳು ಸುಲೋಚನಾ. "ಪೂರ್ವಿ ಆಗ ತೊಟ್ಟಿಲದಾಗ ಇದ್ಲು."

"ವಾಸನೆ ಬರುತ್ತದಾ?"

ಯಾರೂ ಅವಳನ್ನು ಕೇಳಿರದ ಪ್ರಶ್ನೆ ಅದು. ಹಾಲು ಸೀದರೆ "ಮೂಗು ಎಲ್ಲಿ ಇಟ್ಟಿದ್ದಿ?" ಎಂದು ಬಯ್ದವರಿದ್ದರು, ಅಷ್ಟೇ. ಸುಲೋಚನಾ ಇಲ್ಲವೆಂದು ತಲೆಯಾಡಿಸಿದಳು. ಡಾಕ್ಟರ್ ಟಾರ್ಚ್ ಹಿಡಿದು ಮೂಗಿನೊಳಗೆ ನೋಡಿ, ಒಳಗೆಲ್ಲ ಊದಿಕೊಂಡಿದೆ ಎಂದಳು. ಒಂದು ಸ್ಪ್ರೇ ಬರೆದು, ತಲೆ ತುಸು ಬಗ್ಗಿಸಿ, ಮೂಗಿನ ನಡುಗೋಡೆಗೆ ತಾಗದಂತೆ ಕಿವಿಯ ದಿಕ್ಕಿಗೆ ಹೇಗೆ ಹೊಡೆದುಕೊಳ್ಳಬೇಕೆಂದು ತೋರಿಸಿಕೊಟ್ಟಳು. "ಬಿಡದೆ ದಿನಾ ಹೊಡೀರಿ. ತಿಂಗಳಾದ ಮೇಲೆ ಬನ್ನಿ. ಯಾಕೆ ಇಷ್ಟು ವರ್ಷ ಬಿಟ್ಟಿರಿ?"

ಸುಲೋಚನಾ ಗಂಡನ ಕಡೆ ನೋಡಿದಳು. ವಾಸನೆ ಬರುವುದಿಲ್ಲ, ಡಾಕ್ಟರಿಗೆ ತೋರಿಸಿ ಎಂದು ಅವಳು ಕೇಳದೆ ಇರಲಿಲ್ಲ. ಕೇಳಿದಾಗಲೆಲ್ಲ ಬರುತ್ತಿದ್ದ ಉತ್ತರ ಒಂದೇ: "ನೆಗಡಿಗೆ ಯಾರರೆ ಡಾಕ್ಟರ್ ಕಡೆ ಹೋಗ್ತಾರೇನು? ಸ್ಪ್ರೇ ಕೊಡ್ತಾರ, ಚಟಾ ಹತ್ತತದ. ಹಬಿ ತೊಗೋ."

ಮೊದಲ ವಾರದಲ್ಲಿ ಏನೂ ಆಗಲಿಲ್ಲ. ಆಮೇಲೆ ಸೀನು ಕಡಿಮೆಯಾಯಿತು, ರಾತ್ರಿ ಬಾಯಿ ಮುಚ್ಚಿ ಮಲಗುವಂತಾಯಿತು. ತಿಂಗಳು ತುಂಬುವ ಹೊತ್ತಿಗೆ ಒಂದು ಬೆಳಿಗ್ಗೆ, ಪಕ್ಕದ ಮನೆಯಲ್ಲಿ ಬೇಯುತ್ತಿದ್ದ ಮೆಂತ್ಯದ ಥೇಪ್ಲಾ ರೊಟ್ಟಿಯ ವಾಸನೆ ಬಾಲ್ಕನಿಯಲ್ಲಿ ನಿಂತಿದ್ದವಳ ಮೂಗಿಗೆ ಬಂತು. ಅವಳಿಗೆ ನಂಬಿಕೆಯೇ ಆಗಲಿಲ್ಲ. ಒಳಗೆ ಓಡಿ ಇಂಗಿನ ಡಬ್ಬಿ ತೆಗೆದಳು. ಒಗೆದ ಸೀರೆಗೆ ಮುಖ ಒತ್ತಿದಳು. ಹಾಲು, ಸೋಪು, ದೇವರ ಮನೆಯ ಕರ್ಪೂರ ಎಲ್ಲವನ್ನೂ ಹುಚ್ಚಿಯಂತೆ ಮೂಸಿ ಮೂಸಿ ನೋಡಿ, ಒಬ್ಬಳೇ ನಕ್ಕಳು.

ಮಧ್ಯಾಹ್ನದವರೆಗೂ ನಗು ಉಳಿಯಲಿಲ್ಲ. ಅತ್ತೆಯ ನೆನಪಾಯಿತು.

ಪೂರ್ವಿ ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಅತ್ತೆ ಲಕವಾ ಹೊಡೆದು ಹಾಸಿಗೆ ಹಿಡಿದಿದ್ದರು. ಮಾತು ಬಿದ್ದುಹೋಗಿತ್ತು. ಮೈ ಒರೆಸಿ, ಮಗ್ಗುಲು ಬದಲಿಸಿ, ಗಂಜಿ ಕುಡಿಸುತ್ತಿದ್ದವಳು ಸುಲೋಚನಾ. ಸೊಂಟದ ಕೆಳಗೆ ಒಂದು ಹುಣ್ಣಾಗಿತ್ತು. ಮುಲಾಮು ಹಚ್ಚುತ್ತಿದ್ದಳು. ಮೇಲೆ ಕಪ್ಪು ಹಕ್ಕಳೆ ಗಟ್ಟಿಯಾಗಿ ಕೂತದ್ದು ನೋಡಿ ಮಾಯುತ್ತಿದೆ ಎಂದುಕೊಂಡಳು. ಒಳಗೆ ಕೊಳೆಯುತ್ತಿತ್ತು. ಜ್ವರ ಏರಿ ಆಸ್ಪತ್ರೆಗೆ ಒಯ್ದಾಗ ನಂಜು ರಕ್ತಕ್ಕಿಳಿದಿತ್ತು. ಅತ್ತೆ ತೀರಿಕೊಂಡರು. ಹುಬ್ಬಳ್ಳಿಯಿಂದ ಬಂದ ನಾದಿನಿ ಜಯಂತಿ ಹದಿಮೂರನೇ ದಿನ ಎಲ್ಲರೆದುರು ಕೇಳಿದ್ದಳು: "ಇಷ್ಟು ನಾರೂತನಕಾ ಏನು ನೋಡ್ತಿದ್ದಿ ವೈನಿ? ನಿನಗ ಮೂಗು ಇಲ್ಲೇನು?" ಭೀಮಸೇನ ತಲೆ ತಗ್ಗಿಸಿ ಕೂತಿದ್ದ. ಅಂದಿನಿಂದ ಸುಲೋಚನಾ ಅತ್ತೆಯನ್ನು ಕೊಂದವಳು ತಾನೇ ಎಂದು ಒಳಗೊಳಗೇ ನಂಬಿಕೊಂಡು ಬದುಕಿದ್ದಳು.

ಶನಿವಾರ ಪೂರ್ವಿ ಮನೆಗೆ ಬಂದಳು. ಡಾಕ್ಟರ್ ಡೋಸು ಹೆಚ್ಚಿಸಿದ ಮೇಲೆ ಗಂಧೆ ಅಪರೂಪವಾಗಿತ್ತು. ಕೈ ತುಂಬ ಶೇಂಗಾ ಹಿಡಿದುಕೊಂಡು ಅಡುಗೆಮನೆಯ ಕಟ್ಟೆಗೆ ಒರಗಿ ನಿಂತಳು. ಸುಲೋಚನಾ ಮಗಳಿಗೆ ಹೇಳಿಕೊಂಡಳು: "ನನಗ ಆವಾಗ ವಾಸನಿ ಬರ್ತಿದ್ರ ಅಜ್ಜಿ ಉಳೀತಿದ್ರೇನೋ."

ಪೂರ್ವಿ ಬೆರಗಾದಳು. "ಮಮ್ಮಿ, ನಿನಗೆ ಸಚ್ಚೀ ಗೊತ್ತಿರಲಿಲ್ಲಾ? ಆ ರೂಮಿಂದ ಬಹುತ್ ಸ್ಮೆಲ್ ಬರ್ತಿತ್ತು. ನನಗೆ ವಾಮಿಟ್ ಆಗ್ತಿತ್ತು. ಪಪ್ಪಾನೇ ಹೇಳಿದ್ರು, ಒಳಗೆ ಹೋಗಬೇಡ ಅಂತ."

ಸುಲೋಚನಾ ಒಲೆ ಆರಿಸಿದಳು. ಹೌದು, ಆಗ ಭೀಮಸೇನ ಬಾಗಿಲಲ್ಲೇ ನಿಂತು "ಅವ್ವಾ" ಎಂದು ಕೂಗಿ ಹೊರಟುಹೋಗುತ್ತಿದ್ದ. ತಾಯಿಯ ಆ ಸ್ಥಿತಿ ನೋಡಲಾಗದೆ ಹಾಗೆ ಮಾಡುತ್ತಾನೆಂದು ಅವಳು ಮರುಗಿದ್ದಳು. ಮನೆಯಲ್ಲಿ ಎಲ್ಲರಿಗೂ ನಾತ ಬರುತ್ತಿತ್ತು. ಒಳಗೆ ಹೋಗುತ್ತಿದ್ದವಳು ವಾಸನೆ ಬಾರದವಳೊಬ್ಬಳೇ.

ನಡುಮನೆಗೆ ಬಂದು ಟಿ.ವಿ. ಎದುರು ನಿಂತಳು. "ರೀ, ಅತ್ತಿ ರೂಮು ನಾರೂದು ನಿಮಗ ಗೊತ್ತಿತ್ತಂತಲ್ಲ. ನನಗ ಯಾಕ ಹೇಳಲಿಲ್ಲ?"

ಭೀಮಸೇನ ಮಗಳ ಕಡೆ ನೋಡಿ ಮುಖ ಗಂಟಿಕ್ಕಿದ. "ನಿನಗ ಗೊತ್ತಾಗ್ತದ ಅಂತ ಮಾಡಿದ್ದೆ."

"ನನಗ ವಾಸನಿ ಬರಂಗಿಲ್ಲ ಅಂತ ನಿಮಗ ನಾನೇ ಹೇಳಿದ್ದೆ. ಡಾಕ್ಟರ್‌ಗೆ ತೋರಸ್ರಿ ಅಂತ ಕಾಲಿಗೆ ಬೀಳೂದೊಂದು ಬಾಕಿ ಇತ್ತು."

"ಈಗ ಯಾಕ ಅದೆಲ್ಲಾ? ಮುಂದಿನ ವಾರ ಕಿಶೋರನ ಮನಿಯವರು ಬರೋರಿದ್ದಾರ."

"ಜಯಂತಿಗೆ ಫೋನ್ ಹಚ್ಚಿ ಇದನ್ನ ಹೇಳ್ರಿ. ಈಗ."

ಅವನು ಏಳಲಿಲ್ಲ. ಸುಲೋಚನಾ ತಾನೇ ಫೋನು ಹಚ್ಚಿದಳು. ಮೂಗಿನ ರೋಗ, ಸ್ಪ್ರೇ, ಕೋಣೆಯ ನಾತ, ಬಾಗಿಲಲ್ಲೇ ನಿಂತು ಹೊರಟುಹೋಗುತ್ತಿದ್ದ ಮಗ, ಎಲ್ಲವನ್ನೂ ಹೇಳಿದಳು. ಆ ಕಡೆಯಿಂದ ಜಯಂತಿ ಸಮಾಧಾನದ ದನಿಯಲ್ಲಿ ಅಂದಳು: "ಆದದ್ದು ಆತು ಬಿಡ ವೈನಿ. ನಾವು ಅದನ್ನೆಲ್ಲಾ ಎಂದೋ ಮರ್ತೇವಿ. ನಿನ್ನ ಮ್ಯಾಲ ನಮಗೇನೂ ಸಿಟ್ಟಿಲ್ಲ."

ಮಾಡದ ತಪ್ಪಿಗೆ ಕ್ಷಮೆ ಸಿಕ್ಕಿತ್ತು. ಸುಲೋಚನಾ ಫೋನು ಕೆಳಗಿಟ್ಟಳು. ಭೀಮಸೇನ ಟಿ.ವಿ.ಯ ಸದ್ದು ಒಂದಿಷ್ಟು ಏರಿಸಿ, "ಊಟಕ್ಕೇನದ?" ಎಂದ.

"ನನಗೂ ಪೂರ್ವಿಗೂ ಮಾಡೇನಿ" ಎಂದಳು ಅವಳು. ಒಳಗೆ ಹೋಗಿ ಎರಡೇ ತಟ್ಟೆ ಇಟ್ಟಳು.