ಸಕ್ಕರೆ ಇದೆಯಾ?

ಮಾತಿನ ವಿಷಯದಲ್ಲಿ ನಾನು ಜಾಗರೂಕಳು. ಅದು ಸ್ವಭಾವವೂ ಹೌದು, ಹೊಟ್ಟೆಪಾಡೂ ಹೌದು. ಅಡುಗೆಮನೆಯ ಯಂತ್ರಗಳನ್ನು ತಯಾರಿಸುವ ಕಂಪನಿಯೊಂದಕ್ಕೆ ಬಳಕೆಯ ಸೂಚನೆಗಳನ್ನು ತಿದ್ದಿಕೊಡುವುದು ನನ್ನ ಕೆಲಸ. ಮಿಕ್ಸಿಯ ಡಬ್ಬದೊಳಗೆ ಮಡಚಿಟ್ಟಿರುತ್ತಾರಲ್ಲ, ಯಾರೂ ಓದದ ಹಾಳೆ, ಅದನ್ನು ನಾನು ಓದುತ್ತೇನೆ. ನಾನು ಕೆಲಸಕ್ಕೆ ಸೇರುವ ಮೊದಲು ಅದರಲ್ಲಿ "ನೀರು ಹಾಕಿ ತೊಳೆಯಬೇಡಿ" ಎಂದಿತ್ತಂತೆ. ಗಿರಾಕಿಯೊಬ್ಬರು ಹೇಳಿದಂತೆಯೇ ನೀರು ಹಾಕಿದರು, ಹೇಳಿದಂತೆಯೇ ತೊಳೆಯದೆ ಬಿಟ್ಟರು, ಮೋಟಾರು ಸುಟ್ಟುಹೋಯಿತು. ನನ್ನನ್ನು ಕೆಲಸಕ್ಕೆ ತೆಗೆದುಕೊಂಡದ್ದು ಆಮೇಲೆ. ಪ್ರತಿ ವಾಕ್ಯವನ್ನೂ ಮಗುಚಿ ನೋಡಿ, ಅದಕ್ಕೆ ಎರಡನೆಯ ಅರ್ಥವಿಲ್ಲವೆಂದು ಖಾತ್ರಿಯಾದ ಮೇಲೆಯೇ ನಾನು ಮುಂದಕ್ಕೆ ಬಿಡುವುದು. ಮನೆಯಲ್ಲೂ ಅದೇ ಅಭ್ಯಾಸ.

ನಮ್ಮನೆಯವರು ಕಾರು ಕಲಿಸುವ ಮೇಷ್ಟ್ರು. "ನೀನು ಮಾತಾಡೋದು ಅಂದ್ರೆ ಬ್ರೇಕ್ ಮೇಲೆ ಕಾಲಿಟ್ಕೊಂಡೇ ಗಾಡಿ ಓಡಿಸಿದ ಹಾಗೆ" ಎಂದು ಛೇಡಿಸುತ್ತಾರೆ.

ವರ್ಷದ ಕೊನೆಯ ರಜೆಗೆ ಬೀಗರ ಮನೆಯಲ್ಲಿ ಎಲ್ಲರೂ ಸೇರಿ ಊಟ ಮಾಡುವುದೆಂದಾಗಿತ್ತು. ಮಗಳು ಹೆರಿಗೆಗೆಂದು ತೆಗೆದುಕೊಂಡಿದ್ದ ರಜೆಯೂ ಅದರೊಂದಿಗೇ ಮುಗಿಯುತ್ತಿತ್ತು. ಅವಳು ಕೆಲಸಕ್ಕೆ ಹೋದಾಗ ಮಗು ಯಾರ ಮನೆಯಲ್ಲಿರಬೇಕು, ನಮ್ಮಲ್ಲೋ ಬೀಗರಲ್ಲೋ ಎಂಬುದು ಆ ಊಟದಲ್ಲಿ ತೀರ್ಮಾನವಾಗಬೇಕಿತ್ತು. ಹಾಗೆಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ಆದ್ದರಿಂದಲೇ ಎಲ್ಲರಿಗೂ ಗೊತ್ತಿತ್ತು. ನಾನಂತೂ ಹೊರಕೋಣೆಯ ಕಿಟಕಿಯ ಪಕ್ಕ ತೊಟ್ಟಿಲಿಗೆ ಜಾಗ ಮಾಡಿ, ಮೇಜಿನ ಮೂಲೆಗಳಿಗೆಲ್ಲ ಬಟ್ಟೆ ಸುತ್ತಿಬಿಟ್ಟಿದ್ದೆ. ಮಗು ಇನ್ನೂ ಮಗುಚಿಕೊಳ್ಳುತ್ತಿತ್ತು, ಅಷ್ಟೆ. ಮೇಜಿನ ಮೂಲೆಗೆ ತಲೆ ತಾಗಿಸಿಕೊಳ್ಳಲು ಅದಕ್ಕೆ ಇನ್ನೂ ಬಹಳ ಕಾಲ ಬೇಕಿತ್ತು.

ಬೀಗಿತ್ತಿಯ ಮುಂದೆ ನನಗೆ ಕೈಕಾಲು ಆಡುವುದಿಲ್ಲ. ಅವರು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ವಾರ್ಡನ್ ಆಗಿದ್ದವರು. ಯಾರ ತಟ್ಟೆಯಲ್ಲಿ ಏನು ಉಳಿದಿದೆ ಎಂದು ಬೆನ್ನ ಹಿಂದಿನಿಂದಲೇ ಹೇಳಬಲ್ಲರು. ಅಂಥವರೆದುರು "ಮಗುವನ್ನು ನಾನು ನೋಡಿಕೊಳ್ಳಬಲ್ಲೆ" ಎಂದು ಹೇಳುವುದು ಸಾಧ್ಯವಿರಲಿಲ್ಲ, ತೋರಿಸಬೇಕಿತ್ತು. ಅದಕ್ಕೇ ಕುಂಬಳದ ಕೇಕು ಮಾಡಿಕೊಂಡು ಹೋಗುವುದೆಂದು ನಿಶ್ಚಯಿಸಿದೆ. ಅಷ್ಟು ದಪ್ಪದ, ಅಷ್ಟು ನೀರಿನ ಕಾಯಿಯನ್ನು ತಾಳ್ಮೆಯಿಂದ ಪಳಗಿಸಿ ಕೇಕು ಮಾಡುವವಳು ಒಂದು ಮಗುವನ್ನೂ ಸಂಭಾಳಿಸಬಲ್ಲಳು ಎಂದು ನೋಡಿದವರಿಗೆ ತಾನಾಗಿಯೇ ಅನ್ನಿಸಬೇಕು.

ಊಟದ ಹಿಂದಿನ ದಿನ ಕುಂಬಳದ ಮುಂದೆ ಕುಳಿತಿದ್ದೆ. ಚಾಕು ಅರ್ಧ ಇಳಿದು ಸಿಕ್ಕಿಹಾಕಿಕೊಂಡಿತ್ತು. ಒಳಗೂ ಹೋಗದು, ಹೊರಗೂ ಬಾರದು. ಆಗ ಬೀಗಿತ್ತಿಯ ಫೋನು ಬಂತು. ಕೇಕಿನ ವಿಷಯ ಹೇಳಿದೆ.

"ಒಂದು ಮಾತು ಕೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಿಮ್ಮನೇಲಿ ಸಕ್ಕರೆ ಇದೆಯಾ?"

"ಅಯ್ಯೋ, ಇದರಲ್ಲಿ ಬೇಜಾರೇನು? ಬೇಕಾದಷ್ಟಿದೆ!"

"ಬೇಕಾದಷ್ಟಾ?"

"ಹೂಂ. ನಮ್ಮನೇಲಿ ಇಲ್ಲ ಅಂದಿದ್ದೇ ಇಲ್ಲ. ನಮ್ಮಮ್ಮನ ಕಾಲದಿಂದ್ಲೂ ಹಾಗೇನೆ."

"ನಿಮ್ಮ ತಾಯಿಗೂ ಇತ್ತಾ..."

"ಅವರದು ಕೇಳ್ಲೇಬೇಡಿ. ಅಕ್ಕಪಕ್ಕದೋರಿಗೂ ಅವರಿಂದಾನೇ ಹೋಗ್ತಿತ್ತು."

"ಅಕ್ಕಪಕ್ಕದೋರಿಗೆಲ್ಲ ಹಾಗೆ ಹೋಗಲ್ಲಾರೀ ಅದು."

ಇವರ ಕಡೆ ಕೈ ಸ್ವಲ್ಪ ಬಿಗಿಯಿರಬೇಕು ಎಂದುಕೊಂಡೆ. "ನಮ್ಮ ಕಡೆ ಹೋಗ್ತಿತ್ತು" ಎಂದೆ ವಿನಯದಿಂದ.

"ಮಗಳಿಗೆ ಗೊತ್ತಾ ಇದು?"

"ಗೊತ್ತಿಲ್ದೆ ಏನು? ಅದನ್ನ ನೋಡ್ಕೊಂಡೇ ಬೆಳೆದೋಳು ತಾನೆ."

"ಪಾಪ" ಎಂದರು ಬೀಗಿತ್ತಿ. "ಹುಷಾರಾಗಿರಿ. ತುಂಬಾ ಓಡಾಡಕ್ಕೆ ಹೋಗ್ಬೇಡಿ."

ಫೋನಿಟ್ಟ ಮೇಲೆ ಆ ಮಾತುಕತೆಯನ್ನು ಅಭ್ಯಾಸದಂತೆ ಬಿಡಿಸಿ ನೋಡಿದೆ. ರಜೆಯಲ್ಲಿ ಅಂಗಡಿ ಮುಚ್ಚಿರುತ್ತದೆ, ಆದ್ದರಿಂದ ಸಕ್ಕರೆ ಇದೆಯೇ ಎಂದು ಕೇಳಿದ್ದಾರೆ, ಸರಿ. ಆದರೆ ಆ "ಪಾಪ" ಯಾಕೆ?

"ಪಾಪ ಅಂದ್ರೆ ಪಾಪ, ಅಷ್ಟೇ ಕಣೆ" ಎಂದರು ನಮ್ಮನೆಯವರು, ಚಾಕನ್ನು ಕುಂಬಳದಿಂದ ಕಿತ್ತುಕೊಡುತ್ತ. "ಅದಕ್ಕೂ ರಿವರ್ಸ್ ಗೇರ್ ಹಾಕ್ಬೇಡ."

ಕುಂಬಳವನ್ನು ಹೋಳುಮಾಡಿ, ಸುಟ್ಟು, ತಿರುಳನ್ನು ಬಳಿದು, ಬಟ್ಟೆಯಲ್ಲಿ ಕಟ್ಟಿ ನೀರು ಹಿಂಡಿದೆ. ಬೆಣ್ಣೆ, ಸಕ್ಕರೆ, ಮೊಟ್ಟೆ, ಮೈದಾ, ಚಕ್ಕೆಪುಡಿ ಎಲ್ಲವೂ ಅದರದರ ಹೊತ್ತಿಗೆ ಸೇರಿದವು. ಓವನ್ನಿಗೆ ಇಟ್ಟ ಮೇಲೆ ಮಾತ್ರ ಮನಸ್ಸು ನಿಲ್ಲಲಿಲ್ಲ. ಉಬ್ಬುತ್ತಿದೆಯೋ ಇಲ್ಲವೋ ಎಂದು ಬಾಗಿಲು ತೆರೆದೆ. ಉಬ್ಬುತ್ತಿತ್ತು. ಮುಚ್ಚಿದೆ. ಅದು ನಿಜವೇ ಎಂದು ಮತ್ತೆ ತೆರೆದೆ. ನನ್ನ ಕಣ್ಣೆದುರೇ ಕೇಕಿನ ನಡುಭಾಗ ನಿಟ್ಟುಸಿರು ಬಿಟ್ಟಂತೆ ಮೆಲ್ಲಗೆ ಕುಸಿಯಿತು. "ಬೇಯುವಾಗ ಬಾಗಿಲು ತೆರೆಯಬೇಡಿ" ಎಂದು ಆ ಓವನ್ನಿನ ಹಾಳೆಯಲ್ಲಿ ದಪ್ಪ ಅಕ್ಷರಗಳಲ್ಲಿ ಹಾಕಿಸಿದವಳು ನಾನೇ. ಹೊಸ ಕೇಕು ಮಾಡಲು ಕುಂಬಳ ಉಳಿದಿರಲಿಲ್ಲ. ಗುಂಡಿಯ ಮೇಲೆ ಸಕ್ಕರೆಪುಡಿಯನ್ನು ಧಾರಾಳವಾಗಿ ಉದುರಿಸಿ ಮಟ್ಟಮಾಡಿದೆ.

ಮರುದಿನ ಆತಂಕದಲ್ಲಿ ಬೆಳಗಿನ ತಿಂಡಿ ಗಂಟಲಲ್ಲಿ ಇಳಿಯಲಿಲ್ಲ. ಬೀಗರ ಮನೆ ಸೇರುವಾಗ ಕೈ ನಡುಗುತ್ತಿತ್ತು. ಬಾಗಿಲಲ್ಲೇ ಬೀಗಿತ್ತಿ ಕೇಕಿನ ಡಬ್ಬವನ್ನು ನನ್ನ ಕೈಯಿಂದ ಇಸಿದುಕೊಂಡು, ಆ ಕೈಯನ್ನೇ ನೋಡಿದರು.

"ನಡುಗ್ತಿದೆಯಲ್ಲಾರೀ. ಏನಾದ್ರೂ ತಿಂದ್ರಾ?"

"ಇಲ್ಲ, ಸೇರ್ಲಿಲ್ಲ."

"ಹಾಗೆ ಖಾಲಿ ಹೊಟ್ಟೇಲಿ ಇರ್ಬಾರ್ದು ನೀವು."

ಬಾಯಿ ಒಣಗಿದ್ದರಿಂದ ನೀರು ಕೇಳಿದೆ. ಕುಡಿದು ಮತ್ತೊಂದು ಲೋಟ ಕೇಳಿದೆ. ಬೀಗಿತ್ತಿ ಗಂಡನ ಕಡೆ ಒಂದು ನೋಟ ಬೀರಿದರು. ಬೀಗರು ರೈಲಿನಲ್ಲಿ ಗಾರ್ಡ್ ಆಗಿದ್ದವರು. ಸಕ್ಕರೆ ಕಾಯಿಲೆಯವರು, ಊಟಕ್ಕೆ ಮುಂಚೆ ಮಾತ್ರೆ ನುಂಗುವವರು. ಅವರು ಸಿಗ್ನಲ್ ಸಿಕ್ಕವರಂತೆ ತಲೆಯಾಡಿಸಿದರು. ಅಷ್ಟೊಂದು ನೀರು ಕುಡಿದ ಮೇಲೆ ಬಚ್ಚಲುಮನೆಗೆ ಹೋಗಲೇಬೇಕಾಯಿತು. ಬಂದು ಕುಳಿತು, ರವಿಕೆಯ ಮೇಲೆ ಮೈದಾ ಅಂಟಿದೆಯೇನೋ ಎಂಬ ಅನುಮಾನ ಹುಟ್ಟಿ ಮತ್ತೊಮ್ಮೆ ಹೋಗಿಬಂದೆ.

"ಪದೇ ಪದೇ ಹೋಗ್ಬೇಕಾ?" ಎಂದು ಬೀಗಿತ್ತಿ ಕಿವಿಯ ಹತ್ತಿರ ಕೇಳಿದರು. "ಪಾದ ಜುಮ್ಮನ್ನತ್ತಾ?"

"ಹೊಸ ಚಪ್ಪಲಿ, ಸ್ವಲ್ಪ ಕಚ್ಚತ್ತೆ."

"ಗಾಯ ಮಾತ್ರ ಮಾಡ್ಕೋಬೇಡಿ ಮಹಾತಾಯಿ!"

ಇಷ್ಟೊಂದು ಕಾಳಜಿಗೆ ಏನೋ ಕಾರಣವಿರಬೇಕು ಎಂದುಕೊಂಡೆ. ಜನ ಒಳ್ಳೆಯ ಮಾತಾಡುವುದು ಕೆಟ್ಟ ಸುದ್ದಿ ಹೇಳುವ ಮುಂಚೆ.

ಊಟವಾಯಿತು. ಮಗು ಅಳಿಯನ ತೊಡೆಯ ಮೇಲೆ ಕುಳಿತು ಚಮಚ ಚೀಪುತ್ತಿತ್ತು. ಮಗಳು ನನ್ನ ಕೇಕನ್ನು ಕತ್ತರಿಸಿ ಎಲ್ಲರಿಗೂ ಕೊಟ್ಟಳು. ನಾನು ಚಮಚ ಎತ್ತುವಷ್ಟರಲ್ಲಿ ನನ್ನ ತಟ್ಟೆ ಖಾಲಿಯಾಗಿತ್ತು. ನನ್ನ ತುಂಡು ಬೀಗಿತ್ತಿಯ ತಟ್ಟೆಗೆ ದಾಟಿತ್ತು.

"ಇದು ನನಗಿರ್ಲಿ" ಎಂದರು ಅವರು, ಹಾಸ್ಟೆಲಿನ ದನಿಯಲ್ಲಿ. ತಿಂದರು. ಮಗಳು ಇನ್ನೊಂದು ತುಂಡು ಹಾಕಿದಳು. ಅದನ್ನೂ ಬೀಗಿತ್ತಿ ಎಳೆದುಕೊಂಡರು. ಒಟ್ಟು ಮೂರು ತುಂಡು, ನನ್ನ ಪಾಲಿನದೂ ತಮ್ಮದೂ ಸೇರಿ. ನನಗೆ ಆನಂದದಿಂದ ಕಣ್ಣು ತುಂಬಿಬಂತು. ಅದನ್ನು ನೋಡಿ ಅವರ ಕಣ್ಣೂ ತುಂಬಿಬಂತು.

"ಮುಚ್ಚಿಡೋದ್ರಲ್ಲಿ ಏನೂ ಇಲ್ಲ" ಎಂದು ಅವರು ನನ್ನ ಕೈ ಹಿಡಿದುಕೊಂಡರು. "ನಮ್ಮವರೇ ತಾನೆ. ಹೇಳಿ, ಸಕ್ಕರೆ ಎಷ್ಟಿದೆ?"

ಕೇಕು ಇಷ್ಟವಾಗಿ ಅಳತೆ ಕೇಳುತ್ತಿದ್ದಾರೆ! "ಮುನ್ನೂರು" ಎಂದೆ.

"ಮುನ್ನೂರಾ!" ಬೀಗರು ಕುರ್ಚಿಯಿಂದ ಅರ್ಧ ಎದ್ದರು. "ಊಟಕ್ಕೆ ಮುಂಚೇನೋ, ಆದ್ಮೇಲೋ?"

"ಆದ್ಮೇಲೆ" ಎಂದೆ, ಸ್ವಲ್ಪ ಗೊಂದಲವಾಗಿ. ಕೇಕನ್ನು ಊಟಕ್ಕೆ ಮುಂಚೆ ಯಾರು ಕೊಡುತ್ತಾರೆ? "ಇದು ಕಮ್ಮೀನೇ. ನಮ್ಮಮ್ಮ ಇದ್ದಿದ್ರೆ ನಾನೂರಾದ್ರೂ ಇರ್ಬೇಕು ಅಂತಿದ್ರು."

ಬೀಗರು ಮೆಲ್ಲಗೆ ಕುಳಿತರು. ಬೀಗಿತ್ತಿ ನನ್ನ ಕೈಯನ್ನು ಇನ್ನೂ ಬಿಗಿಯಾಗಿ ಹಿಡಿದರು.

"ನೋಡಿ, ಇದನ್ನ ಹೇಳಕ್ಕೆ ನನಗೂ ಕಷ್ಟ ಆಗತ್ತೆ. ಮಗು ನಮ್ಮಲ್ಲೇ ಇರ್ಲಿ. ನೀವು ಬಂದು ನೋಡ್ಕೊಂಡು ಹೋಗಿ. ಈ ಪರಿಸ್ಥಿತೀಲಿ ನಿಮ್ಮ ಕೈಗೆ ಕೊಟ್ರೆ ನನಗೆ ನಿದ್ದೆ ಬರಲ್ಲ."

ಬಟ್ಟೆ ಸುತ್ತಿದ ಮೇಜಿನ ಮೂಲೆಗಳು ಕಣ್ಣ ಮುಂದೆ ಬಂದವು. ಕಿಟಕಿಯ ಪಕ್ಕದ ತೊಟ್ಟಿಲು ಬಂತು. ಹಾಗಾದರೆ ಕಂಡುಹಿಡಿದಿದ್ದಾರೆ. ಸಕ್ಕರೆಪುಡಿಯ ಕೆಳಗಿನ ಗುಂಡಿ ವಾರ್ಡನ್ ಕಣ್ಣಿಗೆ ಬೀಳದೆ ಇರುತ್ತದೆಯೇ?

"ಕುಸಿದಿದ್ದು ನಿಜ" ಎಂದೆ. "ಇಲ್ಲ ಅನ್ನಲ್ಲ."

"ಕುಸಿದು ಬೇರೆ ಬಿದ್ರಾ? ಯಾವಾಗ?"

"ನಿನ್ನೆ. ಓವನ್ ಬಾಗಿಲು ತೆಗೀತಿದ್ದ ಹಾಗೇ."

"ಓವನ್ ಮುಂದೇನಾ!" ಬೀಗಿತ್ತಿ ಕೈಚಾಚಿ ಮಗುವನ್ನು ಅಳಿಯನ ತೊಡೆಯಿಂದ ತಮ್ಮ ಮಡಿಲಿಗೆ ಎಳೆದುಕೊಂಡರು. "ಜೊತೇಲಿ ಯಾರೂ ಇರ್ಲಿಲ್ವಾ?"

"ನಾನಿದ್ನಲ್ಲ" ಎಂದರು ನಮ್ಮನೆಯವರು. "ಪೇಪರ್ ಓದ್ತಿದ್ದೆ. ಏನೂ ಆಗಲ್ಲ, ಮೇಲೆ ಸ್ವಲ್ಪ ಸಕ್ಕರೆ ಹಾಕು, ಸರಿಹೋಗತ್ತೆ ಅಂದೆ."

ಬೀಗಿತ್ತಿ ಅವರನ್ನು ನೋಡಿದ ನೋಟವನ್ನು ನಾನು ಮರೆಯಲಾರೆ. ಆಗ ಮಗಳು ಚಾಕನ್ನು ಕೆಳಗಿಟ್ಟಳು.

"ಅತ್ತೆ, ಒಂದು ನಿಮಿಷ. ಕುಸಿದಿದ್ದು ಕೇಕು. ಅಮ್ಮ ಅಲ್ಲ." ಆಮೇಲೆ ನನ್ನ ಕಡೆ ತಿರುಗಿದಳು. "ಅಮ್ಮಾ, ಮುನ್ನೂರು ಏನು?"

"ಗ್ರಾಂ" ಎಂದೆ. "ಕೇಕಿಗೆ ಹಾಕಿದ್ದು."

"ಅತ್ತೆ ಕೇಳಿದ್ದು ನಿನ್ನ ರಕ್ತದಲ್ಲಿ ಎಷ್ಟಿದೆ ಅಂತ."

ಅಕ್ಕಪಕ್ಕದವರಿಗೆ ನನ್ನ ತಾಯಿಯಿಂದ ಏನು ಹೋಗುತ್ತಿತ್ತು ಎಂಬುದು ಈಗ ನನಗೆ ಹೊಸ ಬೆಳಕಿನಲ್ಲಿ ಕಂಡಿತು. ಎರಡನೆಯ ಅರ್ಥಗಳನ್ನು ಹಿಡಿದು ಹೊರಹಾಕುವುದಕ್ಕೇ ಸಂಬಳ ಪಡೆಯುವವಳು ನಾನು.

ಅಳಿಯ ನಗು ತಡೆಯಲಾರದೆ ಎದ್ದು ಹೋದ. ಬೀಗಿತ್ತಿ ಮಾತ್ರ ನಗಲಿಲ್ಲ. ಹಾಸ್ಟೆಲಿನಲ್ಲಿ ಎಷ್ಟು ಹುಡುಗಿಯರು ತಮಗೆ ಏನೂ ಆಗಿಲ್ಲವೆಂದು ಅವರೆದುರು ಹೇಳಿಲ್ಲ?

"ಆ ನಡುಕ? ಆ ನೀರು?" ಎಂದರು.

"ಅದು ನಿಮ್ಮನ್ನ ಕಂಡ್ರೆ ಬರೋದು" ಎಂದರು ನಮ್ಮನೆಯವರು.

"ನೋಡೇಬಿಡೋಣ" ಎಂದು ಬೀಗಿತ್ತಿ, ಬೆರಳು ಚುಚ್ಚಿ ರಕ್ತ ನೋಡುವ ಗಂಡನ ಪುಟ್ಟ ಯಂತ್ರವನ್ನು ತಂದು ಮೇಜಿನ ಮೇಲಿಟ್ಟರು. ಸೂಜಿಯೆಂದರೆ ನನಗೆ ಜೀವಭಯ. ಕೈಯನ್ನು ಸೆರಗಿನೊಳಗೆ ಸೇರಿಸಿದೆ.

"ಇಷ್ಟಕ್ಕೆಲ್ಲ ಹೆದರ್ತಾರೇನ್ರೀ? ಇರುವೆ ಕಚ್ಚಿದ ಹಾಗಷ್ಟೇ. ನೋಡಿ, ನಾನೇ ಚುಚ್ಕೋತೀನಿ." ಟಕ್ಕೆಂದು ಚುಚ್ಚಿಕೊಂಡರು.

ಯಂತ್ರ ಸ್ವಲ್ಪ ಯೋಚಿಸಿ ಸಂಖ್ಯೆ ತೋರಿಸಿತು. ಬೀಗರು ಕನ್ನಡಕ ಏರಿಸಿಕೊಂಡರು, ಇಳಿಸಿದರು, ಮತ್ತೆ ಏರಿಸಿದರು.

"ನಾನೂರ ಹತ್ತು" ಎಂದರು.

"ಕೈಗೆ ಕೇಕು ಅಂಟಿದೆ" ಎಂದೆ ನಾನು ತಕ್ಷಣ. ಅಂಥ ಹಾಳೆಗಳನ್ನೂ ನಾನು ಓದುತ್ತೇನೆ. "ಕೈ ತೊಳೆದು ನೋಡ್ಬೇಕು."

ಬೀಗಿತ್ತಿ ಸೋಪು ಹಚ್ಚಿ ತೊಳೆದು ಬಂದು ಮತ್ತೆ ಚುಚ್ಚಿಕೊಂಡರು. ಈ ಸಲ ಮುನ್ನೂರ ಎರಡು. ಊಟ ಆದ ಮೇಲೆ.

"ಮೂರು ತುಂಡು ಕೇಕು ತಿಂದ್ರೆ ಇನ್ನೇನಾಗತ್ತೆ?" ಎಂದರು ಅವರು. ಆದರೆ ದನಿಯಲ್ಲಿ ಹಾಸ್ಟೆಲು ಇರಲಿಲ್ಲ. ಎಷ್ಟೋ ತಿಂಗಳಿಂದ ತಾವೂ ಎರಡೆರಡು ಲೋಟ ನೀರು ಕುಡಿಯುತ್ತಿದ್ದುದರ ನೆನಪು ಅವರ ಮುಖದ ಮೇಲೆ ಹಾದುಹೋಯಿತು. ಕೊನೆಗೆ ನನ್ನ ಬೆರಳನ್ನೂ ಚುಚ್ಚಿದರು. ತೊಂಬತ್ತು. ತುತ್ತು ಕೇಕೂ ನನ್ನ ಬಾಯಿಗೆ ಬಿದ್ದಿರಲಿಲ್ಲವಲ್ಲ.

ರಜೆ ಮುಗಿದ ಮೇಲೆ ಡಾಕ್ಟರು ಅನುಮಾನವಿಲ್ಲವೆಂದರು: ಬೀಗಿತ್ತಿಗೆ ಸಕ್ಕರೆ ಇದೆ, ಬಹಳ ದಿನದಿಂದಲೇ ಇದೆ. ಮಾತ್ರೆ ಬರೆದರು. ದಿನಾ ನಡೆಯಬೇಕೆಂದರು. ಮಗು ಯಾರಲ್ಲಿರಬೇಕೆಂಬ ಮಾತು ತಾನಾಗಿಯೇ ನನ್ನ ಕಡೆ ತಿರುಗಿತು. ನಾನು ಗೆದ್ದೆನೆಂದು ಯಾರೂ ಹೇಳಲಿಲ್ಲ, ನಾನೂ ಹೇಳಲಿಲ್ಲ. ತೊಟ್ಟಿಲಿನ ಪಕ್ಕ ಒಂದು ಕುರ್ಚಿ ಹಾಕಿಕೊಂಡೆ, ಅಷ್ಟೆ.

ಆ ಕುರ್ಚಿಯಲ್ಲಿ ಈಗ ಬೀಗಿತ್ತಿ ಕೂರುತ್ತಾರೆ. ನಡೆಯಲು ಅವರು ಆರಿಸಿಕೊಂಡ ದಾರಿ ನಮ್ಮ ಮನೆಯದು. ಬೆಳಿಗ್ಗೆ ಬೆವರು ಒರೆಸಿಕೊಳ್ಳುತ್ತ ಬಂದು, ಮಗುವನ್ನು ಎತ್ತಿಕೊಂಡು ಕುಳಿತರೆ ಏಳುವುದು ಸಂಜೆಗೆ. ವಾಪಸು ನಡೆಯುವುದಿಲ್ಲ, ನಮ್ಮನೆಯವರು ಕಾರಿನಲ್ಲಿ ಬಿಟ್ಟುಬರುತ್ತಾರೆ. ಮೇಜಿನ ಮೂಲೆಯ ಬಟ್ಟೆಗಳು ಸಡಿಲವೆಂದು ಅವರೇ ಬಿಚ್ಚಿ ಮತ್ತೆ ಕಟ್ಟಿದರು. ನಾನು ಅವರಿಗೆ ಸಪ್ಪೆ ಟೀ ಮಾಡಿಕೊಡುತ್ತೇನೆ, ಅವರು ಮಗುವನ್ನು ಮಲಗಿಸಲು ಎದ್ದಾಗ ಬೇಗನೆ ಹೋಗಿ ಆ ಕುರ್ಚಿಯಲ್ಲಿ ಕುಳಿತುಕೊಳ್ಳುತ್ತೇನೆ.

ಮೊನ್ನೆ ಪಕ್ಕದ ಮನೆಯಾಕೆ ಲೋಟ ಹಿಡಿದುಕೊಂಡು ಬಾಗಿಲಿಗೆ ಬಂದಳು. "ಆಂಟೀ, ನಿಮ್ಮನೇಲಿ ಸಕ್ಕರೆ ಇದೆಯಾ?"

ನಾನು ವಾಕ್ಯವನ್ನು ಮಗುಚಿ ನೋಡಲು ಒಂದು ಕ್ಷಣ ತಡೆದೆ. ಅಷ್ಟರಲ್ಲಿ ಒಳಗಿನಿಂದ ಬೀಗಿತ್ತಿಯ ದನಿ ಬಂತು:

"ಅವರಿಗಿಲ್ಲಮ್ಮಾ! ನನಗೆ ಮಾತ್ರ!"

ಪಕ್ಕದ ಮನೆಯಾಕೆ ನನ್ನನ್ನು ನೋಡಿದಳು, ಖಾಲಿ ಲೋಟವನ್ನು ನೋಡಿದಳು. ನಾನು ಲೋಟ ಇಸಿದುಕೊಂಡು, ಸದ್ದಾಗದಂತೆ ಡಬ್ಬಿಯ ಮುಚ್ಚಳ ತೆಗೆದು, ಅಂಚಿನವರೆಗೂ ತುಂಬಿಸಿ ಕೊಟ್ಟೆ.