ಕೋರೆಯಲ್ಲಿ ಎದ್ದ ಕಳ್ಳಿ

ಏಪ್ರಿಲ್ ಬಂದರೆ ಪುತ್ತಿಗೆಯ ಗುಡ್ಡದಲ್ಲಿ ಹಸಿಹುಲ್ಲಿನ ಒಂದು ಎಳೆಯೂ ಉಳಿಯುವುದಿಲ್ಲ. ಬರೀ ಬೈಹುಲ್ಲು ತಿಂದು ಬೊಳ್ಳಿ ಎಂಬ ದನದ ಹಾಲು ಕಡಿಮೆಯಾಗಿತ್ತು. ಕರು ಹಸಿವಿನಿಂದ ಕೂಗುತ್ತಿತ್ತು. ಇಂಥ ದಿನಕ್ಕೆಂದೇ ದೀಪಶ್ರೀ ದೀಪಾವಳಿಯ ಹೊತ್ತಿಗೆ ಮೇವಿಗಾಗುವ ಮುಳ್ಳಿಲ್ಲದ ಪಾಪಾಸುಕಳ್ಳಿಯ ತುಂಡುಗಳನ್ನು ತರಿಸಿ ದನದ ಹಟ್ಟಿಯ ಪಕ್ಕ ನೆಟ್ಟಿದ್ದಳು. ಆದರೆ ಅತ್ತೆ ಸೇಸಮ್ಮ ಮಲ್ಲಿಗೆಗೆ ಎರೆದಂತೆ ಅದಕ್ಕೂ ಬೆಳಿಗ್ಗೆ ಸಂಜೆ ನೀರೆರೆದರು. ಕಳ್ಳಿ ಬುಡದಿಂದ ಕೊಳೆಯಿತು. ಅಳಿದುಳಿದದ್ದನ್ನು ಅವರೇ ಬುಟ್ಟಿಯಲ್ಲಿ ಹೊತ್ತು ಕೆಂಪುಕಲ್ಲು ಕಡಿದು ಬಿಟ್ಟ ಹಳೆಯ ಕೋರೆಗೆ ಎಸೆದಿದ್ದರು.

ಇಂದು ಸೌದೆಗೆ ಹೋದ ಸೇಸಮ್ಮ ಆ ಕೋರೆಯಿಂದ ಕೂಗಿದರು. "ದೀಪಾ, ಓಡಿ ಬಾ ಮಾರಾಯ್ತಿ! ಇಲ್ಲಿ ಎಂಥ ಉಂಟು ನೋಡು!"

ಕಾಲಿಟ್ಟರೆ ಸುಡುವ ಬರಿಗಲ್ಲಿನ ಮೇಲೆ, ಅಂಗೈಯ ಮೇಲೆ ಅಂಗೈ ಇಟ್ಟಂತೆ, ಮೊಣಕಾಲೆತ್ತರದ ಕಳ್ಳಿ ಹಸಿರಾಗಿ ನಿಂತಿತ್ತು. ಆ ಕಲ್ಲಿನಲ್ಲಿ ಅದಕ್ಕೆ ನೀರು ಎಲ್ಲಿ ಸಿಕ್ಕಿತೋ! ದೀಪಶ್ರೀಗೆ ಮುಟ್ಟಲೂ ಅಳುಕಾಯಿತು.

"ಒಂದು ತಂಬಿಗೆ ನೀರು ಯಾರೂ ಕೊಟ್ಟಿಲ್ಲ," ಎಂದರು ಸೇಸಮ್ಮ ಮೆಲ್ಲಗೆ.

"ಅದಕ್ಕೇ ಬದುಕಿದೆ ಅತ್ತೆ."

"ಹಾಗಾದ್ರೆ ಅಲ್ಲಿ ಕೊಂದದ್ದು ನಾನೇ ಅಂತ ಹೇಳು!"

ಕೆಲವು ದಳ ಕೊಯ್ದಾಗ ಕತ್ತಿಯಿಂದ ನೀರು ತೊಟ್ಟಿಕ್ಕಿತು. ದೀಪಶ್ರೀ ಅವನ್ನು ಸಣ್ಣಗೆ ಹೆಚ್ಚಿ ಬೈಹುಲ್ಲಿಗೆ ಬೆರೆಸಿದಳು. ಬೊಳ್ಳಿ ಮೂಸಿ ಮುಖ ತಿರುಗಿಸಿತು. ದೀಪಶ್ರೀ ಬುಟ್ಟಿಯನ್ನು ಇನ್ನಷ್ಟು ಹತ್ತಿರ ತಳ್ಳಿದಳು. ಅದು ಮತ್ತೆ ಮೂಸಿ, ಬಾಯಿ ಹಾಕಿ, ಬುಟ್ಟಿಯ ತಳ ನೆಕ್ಕುವವರೆಗೂ ತಲೆ ಎತ್ತಲಿಲ್ಲ.

ಸಂಜೆ ಸೇಸಮ್ಮ ತಂಬಿಗೆ ಹಿಡಿದು ಕೋರೆಯತ್ತ ಹೊರಟರು. ಅಂಗಳದಲ್ಲೇ ನಿಂತು ಯೋಚಿಸಿ, ಆ ನೀರನ್ನು ತುಳಸಿಗೆ ಎರೆದು, ಬರಿಗೈಯಲ್ಲಿ ಕಳ್ಳಿಯನ್ನು ನೋಡಲು ಹೋದರು.